ಫೋನ್ ಮಾಡಬೇಕಾದದ್ದು ಕಂಟ್ರೋಲಮ್ಮ

"ಅಷ್ಟು ಮೆಲ್ಲಗೆ ಹೇಳಿದ್ರೆ ಆಗಲ್ಲಮ್ಮಾ. ಎಡಗಿವಿ ಹತ್ರ ಹೋಗಿ ಕಿರುಚಬೇಕು. ಬಲಗಿವಿ ರಜಾ ಹಾಕಿ ಎಷ್ಟೋ ಕಾಲ ಆಯ್ತು, ಎಡಗಿವಿಗೆ ಅರ್ಧ ದಿನ ಮಾತ್ರ ಡ್ಯೂಟಿ."

"ಕಂಟ್ರೋಲಿಂದ ಬಂದಿದೀನಿ ಅಂತ ನೀವೇ ಒಂದು ಮಾತು ಹೇಳಿಬಿಡಿ ಅವರಿಗೆ."

"ಯಾವ ಕಂಟ್ರೋಲು? ಮೀಟರ್ ಬದಲಾಯಿಸೋಕೆ ಬಂದ್ರಾ? ಹೋದ ವರ್ಷವೇ ಬದಲಾಯಿಸಿ, ಗೋಡೆಗೆ ಬೇರೆ ತೂತು ಹೊಡೆದು, ಹಾಗೇ ಬಿಟ್ಟು ಹೋದ್ರು ನಿಮ್ಮವರು."

"ಮೀಟರಿನವಳಲ್ಲಮ್ಮಾ ನಾನು. ಫೋನ್ ಮಾಡ್ತಿದ್ನಲ್ಲ, ಹತ್ತು ಏರಿಸಿ, ಹತ್ತು ಇಳಿಸಿ ಅಂತ..."

ಬಾಗಿಲಿಗೆ ಅಡ್ಡ ನಿಂತು ಕೈ ಒರೆಸಿಕೊಳ್ಳುತ್ತಿದ್ದ ಮನೆಯಾಕೆ ಒರೆಸುವುದನ್ನೇ ಮರೆತರು. ಬಂದವರನ್ನು ಒಮ್ಮೆ ಮೇಲಿಂದ ಕೆಳಕ್ಕೆ, ಇನ್ನೊಮ್ಮೆ ಕೆಳಗಿಂದ ಮೇಲಕ್ಕೆ ನೋಡಿದರು. ಆಮೇಲೆ ಆಕೆಯ ಮುಖದ ತುಂಬ ನಗು ಹರಡಿಕೊಂಡಿತು ನೋಡಿ, ಬೀದಿಯ ಆಚೆ ಮನೆಯವರಿಗೂ ಕಾಣಿಸಿರಬೇಕು!

"ಅಯ್ಯಯ್ಯೋ, ಕಂಟ್ರೋಲಮ್ಮ! ಅಂತೂ ಇಂತೂ ನನ್ನ ಸವತಿ ಮುಖ ನೋಡೋ ಭಾಗ್ಯ ಬಂತಲ್ಲಪ್ಪಾ ಈ ಜನ್ಮದಲ್ಲಿ! ಬನ್ನಿ, ಬನ್ನಿ ಒಳಗೆ. ಎತ್ತರ ಇದೀರಿ ಅಂದುಕೊಂಡಿದ್ವಿ ನಾವು."

ಹಣ್ಣಿನ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಕಂಟ್ರೋಲಮ್ಮನ ಮುಖ ಕೆಂಪಾಯಿತು. ಎತ್ತರ ಇಲ್ಲದ್ದು ತಮ್ಮದೇ ತಪ್ಪು ಎಂಬಂತೆ ಚಪ್ಪಲಿ ಬಿಟ್ಟು ಇನ್ನಷ್ಟು ಕುಗ್ಗಿ ಒಳಗೆ ಬಂದರು.

ಉದ್ದನೆಯ, ಅಗಲವಿಲ್ಲದ ಕೋಣೆ. ಒಂದು ಮೇಜು, ನಾಲ್ಕು ಕುರ್ಚಿ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಗೋಡೆಯ ಮೇಲೆ ಅಂಗೈಯಷ್ಟು ದೊಡ್ಡ ಪರದೆ, ಅದರಲ್ಲಿ ಕೆಂಪು ದೀಪ. ಕಿಟಕಿಯ ಹತ್ತಿರ, ಬಾಗಿಲಿಗೆ ಬೆನ್ನು ಮಾಡಿ, ಮೇಜಿನ ಮೇಲೆ ಎರಡೂ ಅಂಗೈ ಊರಿಕೊಂಡು ಒಬ್ಬರು ಕೂತಿದ್ದರು. ಮನೆಗೆ ಒಬ್ಬರು ಬಂದದ್ದು, ಹೆಂಡತಿ ಕಿರುಚಿದ್ದು, ಕುರ್ಚಿ ಎಳೆದದ್ದು, ಯಾವುದೂ ಅವರಿಗೆ ಮುಟ್ಟಿರಲಿಲ್ಲ. ಕಿಟಕಿಯಾಚೆ ಎದುರು ಮನೆಯ ಸೂರಿನ ಸೋಲಾರ್ ಹಲಗೆಗಳ ಮೇಲೆ ಎರಡು ಪಾರಿವಾಳ ಜಾರುಬಂಡೆ ಆಡುತ್ತಿದ್ದವು, ಅದನ್ನೇ ನೋಡುತ್ತಿದ್ದರು.

"ನಾನು ಹೇಳಲ್ಲ ಯಾರು ಬಂದಿದಾರೆ ಅಂತ," ಮನೆಯಾಕೆ ಪಿಸುಗುಟ್ಟಿದರು. ಪಿಸುಗುಟ್ಟುವ ಅಗತ್ಯವೇ ಇರಲಿಲ್ಲ, ಆದರೂ! "ನೀವೇ ಹೋಗಿ ಹೇಳಿ. ಗುರುತು ಸಿಗುತ್ತಾ ನೋಡೋಣ."

ಆ ಕಿಟಕಿಯ ತನಕ ನಡೆಯುವುದಕ್ಕೆ ಕಂಟ್ರೋಲಮ್ಮನಿಗೆ ಎಷ್ಟು ಹೊತ್ತು ಹಿಡಿಯಿತು ಅಂದರೆ, ಅಷ್ಟರಲ್ಲಿ ಅವರ ಇಡೀ ಕತೆ ಹೇಳಿ ಮುಗಿಸಬಹುದು. ಹೇಳಿಯೇಬಿಡೋಣ.

ಕಂಟ್ರೋಲಮ್ಮ ಕೆಲಸಕ್ಕೆ ಸೇರಿದಾಗ ಎರಡು ಜಡೆಯ ಹುಡುಗಿ. ಇಡೀ ದೇಶದ ಕರೆಂಟನ್ನು ಕಾಯುವ ಕಂಟ್ರೋಲ್ ರೂಮಿನಲ್ಲಿ ಕೂತ ಮೊದಲ ಹೆಣ್ಣುಮಗಳು. ಗೋಡೆಯ ತುಂಬ ನಕ್ಷೆ, ನಕ್ಷೆಯ ತುಂಬ ಪುಟ್ಟ ಪುಟ್ಟ ದೀಪ, ಮೇಜಿನ ತುಂಬ ಫೋನು, ಎದುರಿಗೆ ದೊಡ್ಡ ಗಡಿಯಾರದಂಥ ಒಂದು ಮೀಟರು. ಅದು ಕರೆಂಟಿನ ನಾಡಿಬಡಿತ, ಮುಳ್ಳು ಸದಾ ಸರಿಯಾಗಿ ಐವತ್ತಕ್ಕೇ ನಿಂತಿರಬೇಕು. ಕರೆಂಟಿನ ವಿಚಿತ್ರ ಏನೆಂದರೆ, ಅದನ್ನು ಆಗ ಚೀಲದಲ್ಲಿ ತುಂಬಿಡುವ ಹಾಗಿರಲಿಲ್ಲ. ಈ ಗಳಿಗೆ ಎಷ್ಟು ಬೇಕೋ ಅಷ್ಟನ್ನು ಈ ಗಳಿಗೆಯೇ ಹುಟ್ಟಿಸಬೇಕು. ಸಂಜೆ ಜನ ಮನೆಗೆ ಬಂದು ಟಕ್ ಟಕ್ ಅಂತ ಸ್ವಿಚ್ ಹಾಕಿದರೆ ಮುಳ್ಳು ಕುಸಿಯುತ್ತದೆ. ಆಗ ಎಲ್ಲೋ ಒಂದು ಸ್ಟೇಷನ್ನಿನಲ್ಲಿ ಒಬ್ಬರು ಮಷೀನಿಗೆ ಇನ್ನಷ್ಟು ಗ್ಯಾಸ್ ಬಿಡಬೇಕು. ಅವರಿಗೆ ಹೇಳುವುದು ಯಾರು? ಕಂಟ್ರೋಲಮ್ಮ, ಫೋನಿನಲ್ಲಿ.

"ಹೊಳೆದಡ, ಹತ್ತು ಏರಿಸಿ."

"ಹತ್ತು ಏರಿಸ್ತೀನಿ."

ಹತ್ತು ಅಂದರೆ ಹತ್ತು ಮೆಗಾವ್ಯಾಟ್, ಒಂದು ಸಣ್ಣ ಊರಿಗೆ ಸಾಕಾಗುವಷ್ಟು ಕರೆಂಟು. ಕೇಳಿಸಿಕೊಂಡವರು ಕೇಳಿಸಿದ್ದನ್ನು ತಿರುಗಿ ಹೇಳಲೇಬೇಕು. ತಿರುಗಿ ಹೇಳದೆ ಯಾರೂ ಮಷೀನ್ ಮುಟ್ಟುವಂತಿಲ್ಲ. ಏರಿಸಿ ಅಂದದ್ದನ್ನು ಇಳಿಸಿ ಅಂತ ಕೇಳಿಸಿಕೊಂಡರೆ ಒಂದು ಊರೇ ಕತ್ತಲಾಗುತ್ತದಲ್ಲ! ಇನ್ನೊಂದು ರೂಢಿಯೂ ಇತ್ತು, ಈ ಕತೆಯ ಕಷ್ಟವೆಲ್ಲ ಅದರದ್ದೇ. ಫೋನ್ ಮಾಡುವುದು ಯಾವತ್ತೂ ಕಂಟ್ರೋಲಿನವರು. ಸ್ಟೇಷನ್ನಿನವರು ತಾವಾಗಿ ಕಂಟ್ರೋಲಿಗೆ ಫೋನ್ ಮಾಡಿದರು ಅಂದರೆ ಬೆಂಕಿ ಬಿದ್ದಿದೆ, ಇಲ್ಲವೇ ಮಷೀನ್ ಕೈಕೊಟ್ಟಿದೆ ಅಂತಲೇ ಲೆಕ್ಕ. ಆ ಕಡೆಯಿಂದ ಗಂಟೆ ಬಾರಿಸಿತೋ, ಇಡೀ ಕಂಟ್ರೋಲ್ ರೂಮ್ ಕುರ್ಚಿಯಿಂದ ಎದ್ದು ನಿಲ್ಲುತ್ತಿತ್ತು.

ನಕ್ಷೆಯಲ್ಲಿ ಸ್ಟೇಷನ್ನುಗಳು ಹಲವಿದ್ದವು. ಹೊಳೆಯ ದಡದಲ್ಲಿದ್ದ ಗ್ಯಾಸ್ ಸ್ಟೇಷನ್ನಿನಲ್ಲಿ ಫೋನ್ ಎತ್ತುತ್ತಿದ್ದವರನ್ನು ಕಂಟ್ರೋಲಮ್ಮ ಹೊಳೆದಡದವರು ಅಂತಲೇ ಕರೆಯುತ್ತಿದ್ದರು. ಬೇರೆಯವರು ಫೋನ್ ಎತ್ತಿ "ಹಾಂ, ಏನು, ಎಷ್ಟು?" ಅಂತ ರಾಗ ಎಳೆಯುವ ಹೊತ್ತಿಗೆ ಇವರು ತಿರುಗಿ ಹೇಳಿ, ಏರಿಸಿಯೂ ಮುಗಿಸಿರುತ್ತಿದ್ದರು. ಒಂದು ಹೆಚ್ಚಿನ ಮಾತಿಲ್ಲ. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ, ಹರಟೆ ಹೊಡೆಯುವಂತಿಲ್ಲ. ಆದರೆ ತಿರುಗಿ ಹೇಳಿದ ಮೇಲೆ, ಫೋನ್ ಇಡುವ ಮುಂಚೆ, ಒಂದೇ ಒಂದು ಮಾತು ಸೇರಿಸುತ್ತಿದ್ದರು: "ಆಯ್ತಮ್ಮಾ."

ಈ ಒಂದು "ಆಯ್ತಮ್ಮಾ" ಕೇಳಿಸಿದರೆ ಕಂಟ್ರೋಲಮ್ಮನಿಗೆ ಅರ್ಧ ಕೆಲಸ ಹಗುರ. ಒಮ್ಮೆ ಗಂಟಲು ಕಟ್ಟಿಕೊಂಡು ಕಪ್ಪೆಯ ಹಾಗೆ "ಹತ್ತು ಇಳಿಸಿ" ಅಂದಾಗ ಆ ಕಡೆಯಿಂದ "ಹತ್ತು ಇಳಿಸ್ತೀನಿ. ಆಯ್ತಮ್ಮಾ, ಬಿಸಿನೀರು ಕುಡೀರಿ" ಎಂದು ಬಂತು. ಅವತ್ತು ಕಂಟ್ರೋಲ್ ರೂಮಿನವರು ಆ ರೆಕಾರ್ಡನ್ನು ಮತ್ತೆ ಮತ್ತೆ ಹಾಕಿ ಬಿದ್ದು ಬಿದ್ದು ನಕ್ಕರು. ಇಷ್ಟೇ. ಇಡೀ ವಯಸ್ಸು ಹೀಗೇ ಕಳೆಯಿತು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ.

ಆಮೇಲೆ ಗಾಳಿ ಬಂತು, ಬಿಸಿಲು ಬಂತು. ಮೊದಲೂ ಇದ್ದವು ಅನ್ನಿ, ಲೆಕ್ಕಕ್ಕೆ ಬಂದದ್ದು ಆಗ. ಗುಡ್ಡದ ಸಾಲಿನ ಮೇಲೆ ಗಾಳಿಯ ರೆಕ್ಕೆಗಳು ತಿರುಗಿದವು, ಮನೆ ಮನೆಯ ಸೂರಿನ ಮೇಲೆ ಸೋಲಾರ್ ಹಲಗೆ ಹತ್ತಿತು, ಮಧ್ಯಾಹ್ನ ಸ್ಟೇಷನ್ನುಗಳಿಂದ ಕೇಳುವವರೇ ಇಲ್ಲ, ಮೋಡ ಬಂದರೆ ಎಲ್ಲರೂ ಒಟ್ಟಿಗೆ ಕೇಳುತ್ತಾರೆ, ಮೋಡ ಸರಿದರೆ ಎಲ್ಲರೂ ಒಟ್ಟಿಗೆ ಬೇಡ ಅನ್ನುತ್ತಾರೆ! ಅದರ ಮೇಲೆ ಮಾರ್ಕೆಟ್ಟು. ಯಾರ ಕರೆಂಟ್ ಅಗ್ಗವೋ ಅವರದ್ದೇ ಮೊದಲು ಅಂತ ಕಾಲು ಗಂಟೆಗೊಂದು ಹರಾಜು. ಅಷ್ಟು ಬೇಗ ಬೇಗ ಯಾರು ಯಾರಿಗೆ ಅಂತ ಫೋನ್ ಮಾಡುವುದು? ಬಾಯಿ ಒಣಗಿಹೋಗುತ್ತದೆ. ಕಂಪ್ಯೂಟರಿನಿಂದ ನೇರ ಮಷೀನಿಗೇ ಸಂದೇಶ ಹೋಗಲಿ ಅಂತ ತೀರ್ಮಾನವಾಯಿತು. ಕಂಟ್ರೋಲಮ್ಮನಿಗೆ ಖುಷಿಯೋ ಖುಷಿ. ಚಿಮಣಿಗಳ ಹೊಗೆ ಕಡಿಮೆಯಾಗುತ್ತದೆ ಎಂದು ಮೀಟಿಂಗಿನಲ್ಲಿ ಎಲ್ಲರಿಗಿಂತ ಜೋರಾಗಿ ವಾದಿಸಿದವರೇ ಅವರು. ಇವತ್ತು ಕೇಳಿದರೂ ಆ ವಾದದಲ್ಲಿ ಒಂದಕ್ಷರ ಬದಲಾಯಿಸುವುದಿಲ್ಲ.

"ಮೊದಲು ಯಾವ ಸ್ಟೇಷನ್ನಿನ ಫೋನ್ ತೆಗೆದು ನೋಡೋಣ?" ಅಂತ ದೊಡ್ಡ ಇಂಜಿನಿಯರ್ ಕೇಳಿದಾಗ ಕಂಟ್ರೋಲಮ್ಮ ಯೋಚನೆ ಕೂಡ ಮಾಡಲಿಲ್ಲ.

"ಹೊಳೆದಡ," ಅಂದುಬಿಟ್ಟರು.

ಯಾಕೆ? ಅಲ್ಲಿ ಒಮ್ಮೆಯೂ ಎಡವಟ್ಟಾಗಿರಲಿಲ್ಲ. ಹೊಸದನ್ನು ಪರೀಕ್ಷೆ ಮಾಡುವುದಾದರೆ ಅತ್ಯಂತ ನಂಬಿಕೆಯ ಜಾಗದಲ್ಲಿ ಮಾಡಬೇಕು, ಏನಾದರೂ ಹೆಚ್ಚುಕಡಿಮೆಯಾದರೆ ಅಲ್ಲಿ ಅವರಿದ್ದಾರಲ್ಲ! ಇದು ಅವರಿಗೆ ಕೊಟ್ಟ ಸನ್ಮಾನ ಅಂತಲೇ ಕಂಟ್ರೋಲಮ್ಮನ ಎಣಿಕೆ. ಆ ಸನ್ಮಾನ ಮಾತ್ರ ಪಡೆದವರಿಗೆ ಗೊತ್ತಾಗಲೇ ಇಲ್ಲ. ಫೋನ್ ಕಿತ್ತ ದಿನ ಕಂಟ್ರೋಲಮ್ಮ ಬೇರೆ ಊರಿನಲ್ಲಿ ತರಬೇತಿಗೆ ಹೋಗಿದ್ದರು. ವಾಪಸ್ಸು ಬಂದು ನೋಡಿದರೆ ಮೇಜಿನ ಮೇಲೆ ಹೊಳೆದಡದ ಫೋನ್ ಇದ್ದ ಜಾಗ ಮಾತ್ರ ಧೂಳಿಲ್ಲದೆ ಚೌಕವಾಗಿ ಹೊಳೆಯುತ್ತಿತ್ತು.

ಮನೆಯ ನಂಬರ್ ಹುಡುಕಿ ಒಂದು ಮಾತು ಹೇಳಬೇಕು ಅಂದುಕೊಂಡರು. ಮುಂದಿನ ವಾರ, ಮುಂದಿನ ತಿಂಗಳು. ಅಷ್ಟರಲ್ಲಿ ಊರಾಚೆ ಹಡಗಿನ ಪೆಟ್ಟಿಗೆಗಳಂಥ ಬ್ಯಾಟರಿಗಳು ಬಂದು ಕೂತವು, ಹಗಲಿನ ಬಿಸಿಲನ್ನು ಸಂಜೆಗೆ ಎತ್ತಿಡತೊಡಗಿದವು, ಹೊಳೆದಡದ ಗ್ಯಾಸನ್ನು ಹರಾಜಿನಲ್ಲಿ ಯಾರೂ ಕೇಳದಾದರು. ಸ್ಟೇಷನ್ ಮುಚ್ಚಿತು. ಈಗ ಫೋನ್ ಮಾಡಿದರೆ ಏನಂದಾರು? ಇವಳಿಂದಲೇ ಕೆಲಸ ಹೋಯಿತು ಅಂದುಕೊಂಡಿದ್ದರೆ? ಕೋಪ ಇಲ್ಲದಿದ್ದರೆ ಅವರೇ ಒಂದು ಸಲ ಫೋನ್ ಮಾಡುತ್ತಿದ್ದರಲ್ಲ? ಮಾಡಿಲ್ಲ ಅಂದರೆ ಕೋಪ ಇದೆ ಅಂತಲೇ. ಹೀಗೆ ತಮಗೆ ತಾವೇ ವಾದ ಹೂಡಿ, ತಾವೇ ತೀರ್ಪು ಕೊಟ್ಟುಕೊಂಡು ಕೂತುಬಿಟ್ಟರು. ಜೊತೆಯಲ್ಲಿದ್ದ ತಂಗಿ ಬೈಯುತ್ತಿದ್ದಳು: "ಇಡೀ ದೇಶಕ್ಕೆ ಫೋನ್ ಮಾಡ್ತೀಯ, ಒಬ್ಬ ಮನುಷ್ಯನಿಗೆ ಮಾಡೋಕೆ ನಿನ್ನ ಬೆರಳು ಸವೆದುಹೋಗುತ್ತಾ ಅಕ್ಕಾ?" ವರ್ಷಗಳು ಹೋದವು.

ಹೋದ ವಾರ ಒಂದು ಘಟನೆ ನಡೆಯಿತು. ಕಂಟ್ರೋಲಮ್ಮ ಈಗ ಹೊಸಬರಿಗೆ ಪಾಠ ಹೇಳುತ್ತಾರೆ. ಹಿಂದೆ ಹೇಗೆ ಮಾತಾಡುತ್ತಿದ್ದರು ಎಂದು ತೋರಿಸಲು ಹಳೆಯ ರೆಕಾರ್ಡ್ ಹಾಕಿದರು. "ಹತ್ತು ಏರಿಸ್ತೀನಿ. ಆಯ್ತಮ್ಮಾ!" ಕ್ಲಾಸೆಲ್ಲ ಗೊಳ್ಳೆಂದಿತು. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ನಗುತ್ತಲೇ ಕೇಳಿದಳು: "ಮೇಡಂ, ಇವರು ಯಾಕೆ ಹೀಗೆ ಕಿರುಚ್ತಾರೆ? ಕಿವಿ ಕೇಳಿಸ್ತಿರಲಿಲ್ವಾ?"

"ಇಲ್ಲಮ್ಮ, ಲೈನ್ ಸರಿ ಇರಲಿಲ್ಲ," ಅಂದರು ಕಂಟ್ರೋಲಮ್ಮ. ಅಂದ ತಕ್ಷಣ ರೆಕಾರ್ಡ್ ನಿಲ್ಲಿಸಿದರು. ಯಾಕೆಂದರೆ ಲೈನ್ ಸರಿಯಿಲ್ಲ ಎಂದು ತಾವೇ ದೂರು ಕೊಟ್ಟು ಸರಿ ಮಾಡಿಸಿದ್ದರು, ಆ ಕಡೆಯ ಫೋನಿನ ಸದ್ದನ್ನೂ ಹೆಚ್ಚಿಸಲು ಹೇಳಿದ್ದರು. ಈ ರೆಕಾರ್ಡ್ ಅದರ ನಂತರದ್ದು.

ಲೈನಿನಲ್ಲಿ ತಪ್ಪಿರಲಿಲ್ಲ. ಮಷೀನಿನ ಪಕ್ಕ ಕೂತೇ ಬಾಳು ಕಳೆದ ಮನುಷ್ಯ, ಆ ಸದ್ದಿಗೆ ಕಿವಿ ಹೋಗದೆ ಇರುತ್ತದೆಯೇ? ಅವರ ಉಸಿರು ಕೇಳಿದರೆ ಸಾಕು ಮಷೀನ್ ಹೇಗಿದೆ ಅಂತ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಂಡಿದ್ದ ಕಂಟ್ರೋಲಮ್ಮನಿಗೆ, ಆ ಮನುಷ್ಯ ಹೇಗಿದ್ದಾರೆ ಅಂತ ಒಂದು ದಿನವೂ ಗೊತ್ತಾಗಿರಲಿಲ್ಲ.

ಅವತ್ತೇ ವಿಳಾಸ ಹುಡುಕಿಸಿದರು. ಹಾಗೆ ಬಂದವರು ಈಗ ಕಿಟಕಿಯ ತನಕ ತಲುಪಿದ್ದಾರೆ.

ಕಂಟ್ರೋಲಮ್ಮ ಎಡಗಿವಿಯ ಹತ್ತಿರ ಬಗ್ಗಿದರು. ನಮಸ್ಕಾರ ಅನ್ನಬೇಕು ಅಂತ ಬಾಯಿ ತೆರೆದರು. ಹೊರಗೆ ಬಂದದ್ದು ಬೇರೆಯೇ.

"ಹೊಳೆದಡ! ಹತ್ತು ಏರಿಸಿ!"

ಆ ಬೆನ್ನು ನೆಟ್ಟಗಾಯಿತು. ಅವರು ತಿರುಗಿ ನೋಡಲಿಲ್ಲ. ಪಾರಿವಾಳಗಳ ಕಡೆಗೇ ಮುಖ ಇಟ್ಟುಕೊಂಡು, ಎದುರು ಮನೆಯವರಿಗೂ ಕೇಳಿಸುವಂತೆ ಹೇಳಿದರು:

"ಹತ್ತು ಏರಿಸ್ತೀನಿ. ಆಯ್ತಮ್ಮಾ."

ಆಮೇಲೆ ತಿರುಗಿದರು. ಕಂಟ್ರೋಲಮ್ಮ ಅಂದುಕೊಂಡದ್ದಕ್ಕಿಂತ ಸಣ್ಣ ಮುಖ, ದೊಡ್ಡ ಹುಬ್ಬು.

"ಎತ್ತರ ಇದೀರಿ ಅಂದುಕೊಂಡಿದ್ದೆ," ಅಂದರು.

"ಅದನ್ನ ನಾನು ಆಗಲೇ ಹೇಳಿ ಆಯ್ತು!" ಮನೆಯಾಕೆ ಅಡುಗೆಮನೆಯಿಂದಲೇ ಕೂಗಿದರು. ನೀರಿನ ಲೋಟ ತಂದಿಟ್ಟು ತಾವೂ ಕುರ್ಚಿ ಎಳೆದುಕೊಂಡು ಕೂತರು. "ಇವರು ನಿಮ್ಮ ಫೋನಿಗೆ ಕಾದದ್ದು ಅಷ್ಟಿಷ್ಟಲ್ಲ ಕಣಮ್ಮಾ. ಸ್ಟೇಷನ್ನಿನ ಫೋನ್ ಕಿತ್ತುಕೊಂಡು ಹೋದ ಮೇಲೆ ಮನೆಗೆ ಮಾಡ್ತಾರೆ ಅಂತ ಕೂತ್ರು. ಸ್ನಾನಕ್ಕೆ ಹೋಗೋವಾಗ ನನ್ನನ್ನ ಫೋನ್ ಹತ್ರ ಕಾವಲು ಕೂರಿಸ್ತಿದ್ರು. ನನ್ನ ತವರಿನವರು ಫೋನ್ ಮಾಡಿದ್ರೆ, 'ಬೇಗ ಇಡು, ಲೈನ್ ಖಾಲಿ ಇರಲಿ' ಅನ್ನೋರು!"

ಕಂಟ್ರೋಲಮ್ಮ ಲೋಟ ಹಿಡಿದುಕೊಂಡೇ ಎಡಗಿವಿಯ ಕಡೆ ಬಗ್ಗಿದರು. "ನೀವೇ ಒಂದ್ಸಲ ಮಾಡ್ಬಹುದಿತ್ತಲ್ಲ ಅಣ್ಣಾ?"

ಹೊಳೆದಡದವರು ಕಣ್ಣು ಅಗಲಿಸಿ ನೋಡಿದರು. ಇಷ್ಟು ವರ್ಷ ಕಂಟ್ರೋಲಿನಲ್ಲಿದ್ದವರು ಇಂಥ ಪ್ರಶ್ನೆ ಕೇಳುವುದೇ ಅನ್ನುವ ಹಾಗೆ.

"ಸ್ಟೇಷನ್ನಿಂದ ಕಂಟ್ರೋಲಿಗಾ? ಬೆಂಕಿ ಏನೂ ಬಿದ್ದಿರಲಿಲ್ಲವಲ್ಲ."

ನಗಬೇಕೋ ಅಳಬೇಕೋ! ಈ ಕಡೆ ಒಬ್ಬರು ಅವರಾಗಿ ಮಾಡಲಿ ಅಂತ, ಆ ಕಡೆ ಒಬ್ಬರು ಕಂಟ್ರೋಲಿನವರೇ ತಾನೆ ಮಾಡಬೇಕಾದದ್ದು ಅಂತ, ನಡುವೆ ಕಿವಿ ಸ್ವಲ್ಪ ಸ್ವಲ್ಪವೇ ಮುಚ್ಚಿಕೊಳ್ಳುತ್ತಾ ಬಂದಿತ್ತು.

"ಆ ಮೊದಲನೇ ವರ್ಷ ಮಾಡಿದ್ರೆ ಕೇಳಿಸ್ತಿತ್ತು ಇವರಿಗೆ," ಮನೆಯಾಕೆ ಅಂದರು. ಆಕೆಯ ದನಿಯಲ್ಲಿ ಆಕ್ಷೇಪ ಇರಲಿಲ್ಲ, ಸುಮ್ಮನೆ ಇದ್ದದ್ದನ್ನು ಹೇಳಿದ್ದು. ಅದೇ ಕಂಟ್ರೋಲಮ್ಮನಿಗೆ ಹೆಚ್ಚು ನಾಟಿತು. "ಈಗ ಫೋನ್ ಕಿವಿಗಿಟ್ರೆ ಬರೀ ಜೇನುಹುಳದ ಸದ್ದಂತೆ."

"ಏನಂತಾಳೆ?" ಹೊಳೆದಡದವರು ಕೇಳಿದರು.

"ನಿಮ್ಮನ್ನೇ ಹೊಗಳ್ತಿದೀನಿ!" ಅಂತ ಆಕೆ ಕಿರುಚಿದರು. "ಇವರದ್ದೊಂದು ತಮಾಷೆ ಕೇಳಿ. ಮನೇಲೂ ನಾನು ಹೇಳಿದ್ದನ್ನೆಲ್ಲ ತಿರುಗಿ ಹೇಳೋ ರೋಗ. 'ಹಾಲು ತನ್ನಿ' ಅಂದ್ರೆ 'ಹಾಲು ತರ್ತೀನಿ'. 'ನಲ್ಲಿ ರಿಪೇರಿ ಮಾಡಿಸಿ' ಅಂದ್ರೆ 'ನಲ್ಲಿ ರಿಪೇರಿ ಮಾಡಿಸ್ತೀನಿ'. ಆ ನಲ್ಲಿ ಇವತ್ತಿಗೂ ಸೋರ್ತಿದೆ. ಕಂಟ್ರೋಲಮ್ಮ ಹೇಳಿದ್ರೆ ಮಾತ್ರ ಕೆಲಸ ಆಗ್ತಿತ್ತು, ಹೆಂಡತಿ ಹೇಳಿದ್ರೆ ತಿರುಗಿ ಹೇಳೋದಷ್ಟೇ!"

ಹೊಳೆದಡದವರು ಹೆಂಡತಿಯ ತುಟಿಯನ್ನೇ ನೋಡಿಕೊಂಡು ಮುಸಿಮುಸಿ ನಕ್ಕರು. ಆಮೇಲೆ ಅಂಗೈ ಮೇಜಿನ ಮೇಲೆ ಚಪ್ಪಟೆ ಮಾಡಿ, ಬಹಳ ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಹೇಳುವ ಹಾಗೆ ಕಂಟ್ರೋಲಮ್ಮನ ಕಡೆ ತಿರುಗಿದರು.

"ನಿಮಗೊಂದು ಮಾತು ಹೇಳೋದು ಬಾಕಿ ಇತ್ತಮ್ಮಾ. ನೀವು ಮಾಡಿದ ಉಪಕಾರ ನಾನು ಮರೆತಿಲ್ಲ."

ಉಪಕಾರ?

"ನನ್ನ ಕಿವಿ ಹೋಗ್ತಿದೆ ಅಂತ ಸ್ಟೇಷನ್ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವಳಿಗೂ ಹೇಳಿರಲಿಲ್ಲ. ಫೋನ್ ಬಂದ್ರೆ ಗೊತ್ತಾಗಲಿ ಅಂತ ಕೈ ಹೀಗೆ ಮೇಜಿನ ಮೇಲೆ ಇಟ್ಟುಕೊಂಡೇ ಇರ್ತಿದ್ದೆ. ಗಂಟೆ ಬಾರಿಸಿದ್ರೆ ಮೇಜು ನಡುಗುತ್ತಲ್ಲ. ನೀವು ಒಬ್ಬರೇ ಕಂಡುಹಿಡಿದಿರಿ. ಕಂಡುಹಿಡಿದು ಯಾರಿಗೂ ಹೇಳಲಿಲ್ಲ. ಸುಮ್ಮನೆ ಒಂದು ದಿನ ಲೈನಿನವನನ್ನ ಕಳಿಸಿ ನನ್ನ ಫೋನಿನ ಸದ್ದು ಜಾಸ್ತಿ ಮಾಡಿಸಿದ್ರಿ. ಅದರಿಂದ ಇನ್ನಷ್ಟು ಕಾಲ ಕೆಲಸ ಮಾಡಿದೆ. ಆಮೇಲೆ ಇನ್ನು ಇವನ ಕೈಲಿ ಆಗಲ್ಲ ಅನ್ನಿಸಿದಾಗ, ಎಲ್ಲರಿಗಿಂತ ಮೊದಲು ನನ್ನ ಫೋನನ್ನೇ ತೆಗೆಸಿ, ನನ್ನ ಮಾನ ಉಳಿಸಿದ್ರಿ. ಒಬ್ಬರ ಮುಂದೂ ನಾನು ಕಿವುಡ ಅಂತ ಆಗಲಿಲ್ಲ."

ಕಂಟ್ರೋಲಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಬೈಗುಳ ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದವರು ಅವರು. ಥ್ಯಾಂಕ್ಸ್ ಕೇಳಲು ಯಾವ ತಯಾರಿಯೂ ಇರಲಿಲ್ಲ. ಹೌದು ಅಂತ ತಲೆ ಆಡಿಸಿದರೆ ಮುಗಿಯಿತು, ಇಷ್ಟು ವರ್ಷ ಈ ಮನುಷ್ಯ ಕಾಪಾಡಿಕೊಂಡು ಬಂದ ಸಮಾಧಾನ ಹಾಗೇ ಉಳಿಯುತ್ತದೆ. ಆದರೆ ಇವರಿಬ್ಬರ ನಡುವೆ ಇದ್ದದ್ದಾದರೂ ಏನು? ಹೇಳಿದ್ದನ್ನು ಹೇಳಿದ ಹಾಗೇ ತಿರುಗಿ ಹೇಳುವುದು, ಅದೊಂದೇ. ತಪ್ಪು ಕೇಳಿಸಿದರೆ ಅಲ್ಲೇ ತಿದ್ದಬೇಕು. ತಿದ್ದದೆ ಬಿಡುವುದು ಕಂಟ್ರೋಲಿನವರ ಕೆಲಸವಲ್ಲ.

ಮನೆಯಾಕೆಯ ಕಡೆ ನೋಡಿದರು. ಆಕೆ ಏನೋ ಅರ್ಥವಾದವರ ಹಾಗೆ, ಹೇಳಿ ಅಂತ ತಲೆ ಆಡಿಸಿದರು.

"ನನಗೆ ಗೊತ್ತಿರಲಿಲ್ಲ ಅಣ್ಣಾ!" ಕಂಟ್ರೋಲಮ್ಮ ಕಿರುಚಿದರು. "ಲೈನ್ ಸರಿ ಇಲ್ಲ ಅಂದುಕೊಂಡಿದ್ದೆ! ನಿಮ್ಮ ಕಿವಿ ಅಂತ ಗೊತ್ತೇ ಆಗಲಿಲ್ಲ! ನಿಮ್ಮ ಸ್ಟೇಷನ್ನು ಎಲ್ಲಕ್ಕಿಂತ ಚೆನ್ನಾಗಿತ್ತು, ಅದಕ್ಕೇ ಮೊದಲು ನಿಮ್ಮ ಫೋನ್ ತೆಗೆಸಿದೆ!"

ಎದುರು ಮನೆಯ ಕಿಟಕಿ ಧಡಾರನೆ ತೆರೆಯಿತು. "ಏನ್ರೀ ಗಲಾಟೆ? ಎಲ್ಲಾ ಸರಿ ಇದೆಯಾ?" ಅಂತ ಒಬ್ಬರು ಇಣುಕಿದರು.

"ಏನಿಲ್ಲ, ನೆಂಟರು ಬಂದಿದಾರೆ!" ಮನೆಯಾಕೆ ಕಿಟಕಿಯಿಂದ ಕೈ ಬೀಸಿದರು.

ಹೊಳೆದಡದವರು ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಅಲುಗಿತು. ಕೇಳಿಸಿದ್ದನ್ನು ಒಂದೊಂದಾಗಿ ಜೋಡಿಸುತ್ತಿದ್ದರು.

"ಗೊತ್ತಿರಲಿಲ್ಲ," ಅಂತ ತಿರುಗಿ ಹೇಳಿದರು. "ಲೈನ್ ಅಂದುಕೊಂಡ್ರಿ. ಚೆನ್ನಾಗಿತ್ತು, ಅದಕ್ಕೇ ಮೊದಲು ತೆಗೆಸಿದ್ರಿ."

"ಹೌದು."

ಅವರ ಮುಖದ ಮೇಲೆ ಏನೋ ಕೆಳಗಿಳಿಯಿತು. ಅಂಗಡಿಯ ಬಾಗಿಲು ನಿಧಾನವಾಗಿ ಇಳಿಸುತ್ತಾರಲ್ಲ, ಹಾಗೆ. ಕಂಟ್ರೋಲಮ್ಮನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಯಾಕಾದರೂ ಹೇಳಿದೆನೋ! ಅವರು ಕಿಟಕಿಯ ಕಡೆ ತಿರುಗಿ ಪಾರಿವಾಳ ಹುಡುಕಿದರು. ಗಲಾಟೆಗೆ ಅವೂ ಹಾರಿಹೋಗಿದ್ದವು.

"ಹಾಗಾದ್ರೆ ಯಾರಿಗೂ ಗೊತ್ತಾಗಿರಲಿಲ್ಲ," ಅಂದರು. "ಕಂಟ್ರೋಲಿಗೂ." ಒಂದು ಕಡೆಯ ಹುಬ್ಬು ಮೇಲೆ ಹೋಯಿತು. "ಚೆನ್ನಾಗೇ ಮುಚ್ಚಿಟ್ಟಿದ್ದೆ ಅನ್ನಿ."

"ಬಹಳ ಚೆನ್ನಾಗಿ ಮುಚ್ಚಿಟ್ಟಿದ್ರಿ."

"ಮುಚ್ಚಿಡಬಾರದಿತ್ತು. ಊರಿಗೆ ಊರೇ ಕತ್ತಲಾಗಿದ್ರೆ?" ತಲೆ ಅಲ್ಲಾಡಿಸಿದರು. "ತಿರುಗಿ ಹೇಳೋದು ಅಂತ ಒಂದಿತ್ತು, ಬಚಾವಾದೆ. ತಪ್ಪು ಕೇಳಿಸಿದ್ರೆ ನೀವು ತಿದ್ತೀರಿ ಅಂತ ಧೈರ್ಯ ಇತ್ತು. ಈಗಲೂ ತಿದ್ದಿದ್ರಿ." ಅಂಗೈಯಿಂದ ಮೇಜನ್ನು ಸವರಿದರು. "ಆದ್ರೂ ನೀವು ತಿಳಕೊಂಡೇ ಮಾಡಿದ್ರಿ ಅಂದುಕೊಂಡಿದ್ದಾಗ ಚೆನ್ನಾಗಿತ್ತು."

ಕಂಟ್ರೋಲಮ್ಮ ಚೀಲದಿಂದ ಮೊಬೈಲ್ ತೆಗೆದರು. ರೆಕಾರ್ಡನ್ನು ಅದಕ್ಕೆ ಹಾಕಿಸಿಕೊಂಡು ಬಂದಿದ್ದರು, ಕೇಳಿಸಿದರೆ ಖುಷಿ ಪಡುತ್ತಾರೆ ಅಂತ. ಸದ್ದನ್ನು ಪೂರ್ತಿ ಏರಿಸಿ ಅವರ ಎಡಗಿವಿಗೆ ಹಿಡಿದರು. "ಹತ್ತು ಏರಿಸ್ತೀನಿ. ಆಯ್ತಮ್ಮಾ!" ಮನೆಯಾಕೆ ಬಾಯಿಗೆ ಸೆರಗು ಮುಚ್ಚಿಕೊಂಡರು. ಗಂಡನ ಆ ವಯಸ್ಸಿನ ದನಿ ಆಕೆ ಕೇಳಿ ಎಷ್ಟು ಕಾಲವಾಗಿತ್ತೋ.

"ಜೇನುಹುಳ," ಅಂದರು ಹೊಳೆದಡದವರು. "ಯಾರದು?"

"ನಿಮ್ಮದೇ ದನಿ!"

"ನನ್ನದೇ. ಏನಂತೀನಿ?"

"ಹತ್ತು ಏರಿಸ್ತೀನಿ ಅಂತೀರಿ!"

"ಹಾಗಾದ್ರೆ ಸರಿ," ಅಂದರು. ಮೊಬೈಲನ್ನು ಕಿವಿಯಿಂದ ತೆಗೆದು ಅಂಗೈ ಮೇಲೆ ಇಟ್ಟುಕೊಂಡು, "ಇನ್ನೊಂದ್ಸಲ ಹಾಕಿ," ಅಂದರು. ಅಂಗೈಗೆ ನಡುಕ ಬಂತೇನೋ, ಮುಖ ಸ್ವಲ್ಪ ಅರಳಿತು.

ಅಷ್ಟರಲ್ಲಿ ಗೋಡೆಯ ಪರದೆಯಲ್ಲಿ ಕೆಂಪು ದೀಪ ಹೋಗಿ ಹಸಿರು ಬಂತು. ಹರಾಜಿನಲ್ಲಿ ದರ ಇಳಿದಿರಬೇಕು, ಎಲ್ಲೋ ಗುಡ್ಡದ ಮೇಲೆ ಗಾಳಿ ಎದ್ದಿರಬೇಕು. ಬಚ್ಚಲಿನ ಪಕ್ಕದಲ್ಲಿದ್ದ ಬಟ್ಟೆ ಒಗೆಯುವ ಮಷೀನ್ ಯಾರೂ ಮುಟ್ಟದೆ ತಾನಾಗಿ ಗುರ್ ಅಂತ ಶುರುವಾಯಿತು.

"ನೋಡಿದ್ರಾ," ಮನೆಯಾಕೆ ಕಣ್ಣೊರೆಸಿಕೊಂಡು ನಕ್ಕರು. "ಈಗ ನಿಮ್ಮ ಕಂಟ್ರೋಲಿನವರು ನೇರವಾಗಿ ನಮ್ಮ ಬಟ್ಟೆ ಮಷೀನಿಗೇ ಹೇಳ್ತಾರೆ. ಅದು ತಿರುಗಿ ಮಾತಾಡಲ್ಲ, ಕೆಲಸ ಮಾತ್ರ ಮಾಡುತ್ತೆ. ಇವರನ್ನ ಬಿಟ್ಟು ಅದನ್ನೇ ಮದುವೆ ಆಗಬೇಕಿತ್ತು ನಾನು."

ಹೊಳೆದಡದವರಿಗೆ ಆ ಮಾತು ಕೇಳಿಸಲಿಲ್ಲ. ಮಷೀನಿನ ಸದ್ದೂ ಕೇಳಿಸಲಿಲ್ಲ. ಆದರೆ ಮೇಜಿನ ಮೇಲಿದ್ದ ಅವರ ಇನ್ನೊಂದು ಅಂಗೈ ಗಟ್ಟಿಯಾಗಿ ಊರಿತು, ತಲೆ ಒಂದು ಕಡೆಗೆ ವಾಲಿತು.

"ಏರ್ತಿದೆ," ಅಂದರು.

ಕಂಟ್ರೋಲಮ್ಮ ತಮ್ಮ ಅಂಗೈಯನ್ನೂ ಅದರ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟರು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಮರದೊಳಗಿಂದ ಸಣ್ಣಗೆ, ದೂರದಿಂದ ಬರುವ ಹಾಗೆ, ಒಂದು ನಡುಕ ಬಂತು. ಇಷ್ಟು ವರ್ಷ ಅವರು ಫೋನಿನ ಆ ಕಡೆ ಕೂತು ತಮ್ಮ ಕರೆಗೆ ಕಾದದ್ದು ಹೀಗೆ. ಇಬ್ಬರೂ ಹಾಗೇ ಕೂತರು. ಮಷೀನ್ ನೀರು ಚೆಲ್ಲಿ, ಮತ್ತೆ ತುಂಬಿಕೊಂಡು, ಮತ್ತೆ ತಿರುಗಿತು.

ಹೊರಡುವ ಹೊತ್ತಿಗೆ ಕಂಟ್ರೋಲಮ್ಮ ಅಭ್ಯಾಸಬಲದಿಂದ "ಫೋನ್ ಮಾಡ್ತೀನಿ" ಅಂದುಬಿಟ್ಟರು. ಅಂದು ತಟಕ್ಕನೆ ನಿಂತರು. ಮನೆಯಾಕೆ ಚಪ್ಪಲಿಯನ್ನು ಕಾಲಿನ ಹತ್ತಿರ ಸರಿಸಿದರು.

ಹೊಳೆದಡದವರು ಬಾಗಿಲ ತನಕ ಬಂದಿದ್ದರು. ಕಂಟ್ರೋಲಮ್ಮನ ಮುಖ ನೋಡಿಯೇ ಏನಂದಿರಬಹುದು ಅಂತ ತಿಳಿದುಕೊಂಡರೋ ಏನೋ. ಬೆನ್ನು ನೆಟ್ಟಗೆ ಮಾಡಿ, ಜೀವಮಾನದಲ್ಲಿ ಮೊದಲ ಸಲ, ತಾವಾಗಿ ಕಂಟ್ರೋಲಿಗೆ ಹೇಳಿದರು:

"ಕಂಟ್ರೋಲ್, ಮುಂದಿನ ವಾರ ಇದೇ ಹೊತ್ತಿಗೆ ಬನ್ನಿ. ಕೈಬೀಸಿಕೊಂಡು ಬನ್ನಿ, ಹಣ್ಣು ಗಿಣ್ಣು ಬೇಡ."

ಕಂಟ್ರೋಲಮ್ಮ ಎಡಗಿವಿಯ ಹತ್ತಿರ ಹೋದರು.

"ಮುಂದಿನ ವಾರ ಇದೇ ಹೊತ್ತಿಗೆ ಬರ್ತೀನಿ," ಅಂತ ತಿರುಗಿ ಹೇಳಿದರು. "ಕೈಬೀಸಿಕೊಂಡು ಬರ್ತೀನಿ, ಹಣ್ಣು ಗಿಣ್ಣು ತರಲ್ಲ. ಆಯ್ತಣ್ಣಾ."

"ಬರುವಾಗ ನಲ್ಲಿ ರಿಪೇರಿಯವರನ್ನ ಕರೆತರೋಕೆ ಹೇಳ್ರೀ!" ಒಳಗಿಂದ ಮನೆಯಾಕೆ ಕೂಗಿದರು.

ಅದನ್ನೂ ಕಂಟ್ರೋಲಮ್ಮ ತಿರುಗಿ ಹೇಳಿ, ಮೆಟ್ಟಿಲಿಳಿದರು.